ತಾಮ್ರದ ಹಂಡೆಯಲ್ಲಿ ದಿಲ್ಲಿಯ ಮೀನು

ನಮ್ಮ ಮನೆಯಲ್ಲಿ ಮೀನು ಎಂಬ ಮಾತನ್ನು ಊಟದ ಹೊತ್ತಿನಲ್ಲಿ ಆಡುವಂತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಅಂಥ ಮನೆಯ ಯಜಮಾನರು, ನನ್ನ ಮಾವ, ಒಂದು ಬೇಸಿಗೆಯುದ್ದಕ್ಕೂ ಮೀನು ಬದುಕಿದರೆ ಸಾಕಪ್ಪಾ ಎಂದು ದೇವರಿಗೆ ಕೈಮುಗಿದರು. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಮೊದಮೊದಲು ನಾನೂ ನಕ್ಕವಳೇ.

ನಾನು ಬಿಳೂರಿನ ಮಗಳು. ಸಂಖದ ಕಡೆಯ ಈ ಸಣ್ಣ ಊರಿಗೆ ಸೊಸೆಯಾಗಿ ಬಂದಾಗ ಜತ್ತ ಸಂಸ್ಥಾನ ಮುಗಿದು ನಾವು ಮುಂಬಯಿ ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಸಂಸ್ಥಾನದ ಕಾಲದಲ್ಲಿ ಸರ್ಕಾರವೆಂದರೆ ಜತ್ತದ ಅರಸರ ವಾಡೆ. ಅಲ್ಲಿಗೆ ಹೋಗಿ, ಬೈಗುಳ ತಿಂದು, ಆದ ಕೆಲಸವನ್ನೋ ಆಗದ ಕೆಲಸವನ್ನೋ ಹೊತ್ತು ತಿರುಗಿ ಬರಬಹುದಿತ್ತು. ಈಗ ಸರ್ಕಾರ ದಿಲ್ಲಿಯಲ್ಲಿ ಕೂತಿತ್ತು. ಬೇಸಾಯವನ್ನೂ ಮೀನನ್ನೂ ಒಟ್ಟಿಗೆ ನೋಡಿಕೊಳ್ಳುವ ಖಾತೆಯೊಂದು ಅಲ್ಲಿದೆಯೆಂದು ನಮಗೆ ಗೊತ್ತಾದದ್ದು ಅದು ಮಾಡಿದ ಕೆಲಸಗಳಿಂದ. ಮೊದಲು ಅದರ ಹೆಸರು ಹೇಳಿಕೊಂಡು ಬಂದವರು ಲೆವಿ ಎಂಬ ಕಾಳಿನ ವಸೂಲಿಗೆ ನೆಲದೊಳಗಿನ ಹಗೇವಿನ ಜೋಳವನ್ನು ಅಳೆದುಕೊಂಡು ಹೋದರು. ಮಾವ ಆಗ ಬಹಳ ಶಪಿಸಿದ್ದರಂತೆ. ಆಮೇಲೆ ಅದೇ ಖಾತೆ ಬಿತ್ತನೆಗೆ ಒಳ್ಳೆಯ ಜೋಳ ಕೊಟ್ಟಿತು, ಹೊಲದ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿಸಿತು. ಒಡ್ಡಿನ ಮಗ್ಗುಲಿಗೆ ಮಳೆನೀರು ನಿಂತು ತೆನೆ ತೂಗಿದ ವರ್ಷ ಮಾವನ ಮನಸ್ಸು ತಿರುಗಿತು. ಅವರ ಸ್ವಭಾವವೇ ಹಾಗೆ. ನಂಬದಿದ್ದರೆ ದೇವರನ್ನೂ ನಂಬರು, ನಂಬಿದರೆ ಕಲ್ಲನ್ನೂ ನಂಬುವರು. ದಿಲ್ಲಿಯನ್ನು ಅವರು ನಂಬಿಬಿಟ್ಟರು.

ಮನೆಯಲ್ಲಿ ಮಾವ, ಅತ್ತೆ, ನಾನು. ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದರು. ಹಬ್ಬಕ್ಕೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಆ ಕಾಲದಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ನನಗೋ ಬಾಯಿ ಮುಚ್ಚಿದರೆ ಹೊಟ್ಟೆ ನೋಯುವ ಸ್ವಭಾವ. ಅದಕ್ಕೇ ಮಾವನಿಗೆ ಹೇಳಬೇಕಾದುದನ್ನೆಲ್ಲ ನಾನು ಎಮ್ಮೆಗೆ ಹೇಳುತ್ತಿದ್ದೆ. ಮೇವು ಹಾಕುವ ಗ್ವಾದಲಿಯ ಹತ್ತಿರ ನಿಂತು ತುಸು ಗಟ್ಟಿಯಾಗಿ ಹೇಳಿದರೆ ಕಟ್ಟೆಯ ಮೇಲೆ ಕೂತ ಮಾವನಿಗೆ ಕೇಳಿಸುತ್ತಿತ್ತು. ಅವರೂ ಎಮ್ಮೆಗೇ ಉತ್ತರ ಕೊಡುತ್ತಿದ್ದರು. ಆ ಎಮ್ಮೆಯಷ್ಟು ಮಾತು ಕೇಳಿದ ದನ ನಮ್ಮ ತಾಲೂಕಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಒಂದು ಮಳೆಗಾಲದಲ್ಲಿ, ಕೆರೆ ಅಪರೂಪಕ್ಕೆ ಕೋಡಿಯವರೆಗೆ ತುಂಬಿದ್ದಾಗ, ಏರಿಯ ಮೇಲೆ ಟ್ರಕ್ ಬಂದು ನಿಂತಿತು. ಅದರ ತುಂಬ ತಗಡಿನ ಡಬ್ಬಗಳು, ಡಬ್ಬಗಳ ಬಾಯಿಗೆ ಒದ್ದೆ ಗೋಣಿಚೀಲ. ಒಳಗೆ ಬೆರಳುಗುರಿನಷ್ಟು ಮೀನಿನ ಮರಿಗಳು ಕುದಿಯುವ ಎಸರಿನಲ್ಲಿ ಅಕ್ಕಿ ಆಡುವಂತೆ ಆಡುತ್ತಿದ್ದವು. ಜೊತೆಗೆ ಬಂದ ಸಾಹೇಬ ಚಿಕ್ಕ ವಯಸ್ಸಿನವನು. ಮರಾಠಿಯಲ್ಲಿ ಮಾತಾಡಿದ. ದೇಶಕ್ಕೆ ಅನ್ನ ಸಾಲದು, ಜೋಳ ಎಷ್ಟು ಬೆಳೆದರೂ ಸಾಲದು, ಅದಕ್ಕೆ ನೀರಿದ್ದಲ್ಲೆಲ್ಲ ಮೀನು ಬೆಳೆಸಬೇಕೆಂದು ದಿಲ್ಲಿಯ ಖಾತೆ ಹೇಳಿದೆ ಎಂದ. ನೀವು ತಿನ್ನದಿದ್ದರೆ ಬೇಡ, ಸಾಕಿ ಕೊಡಿ, ತಿನ್ನುವವರು ಒಯ್ಯುತ್ತಾರೆ ಎಂದ. ಊರಿನ ಹಿರಿಯರು ಮುಖ ಕಿವುಚಿಕೊಂಡು ನಿಂತರು. ಒಬ್ಬರಂತೂ ಎದ್ದು ಹೋದರು.

ಆಗ ಸಾಹೇಬ ಇನ್ನೊಂದು ಮಾತು ಹೇಳಿದ. ಈ ಮೀನು ಬರುವ ಬೇಸಿಗೆ ದಾಟಿ ಉಳಿದರೆ ಇದು ಒಳ್ಳೆಯ ಕೆರೆಯೆಂದು ದಿಲ್ಲಿಗೆ ಬರೆಯುತ್ತೇವೆ. ಹೂಳು ತೆಗೆಸುತ್ತಾರೆ, ಏರಿ ಎತ್ತರಿಸುತ್ತಾರೆ, ಆಮೇಲೆ ವರ್ಷವಿಡೀ ನೀರು.

ಮಾವ ಮುಂದೆ ಬಂದರು. "ಬ್ಯಾಸಗಿ ದಾಟದಿದ್ರ, ಸಾಹೇಬ್ರ?"

"ದಾಟಿಸಬೇಕು. ಅದು ನಿಮ್ಮ ಮೇಲಿದೆ."

"ದಾಟಸ್ತೀನ್ರಿ," ಎಂದರು ಮಾವ. "ಮಾತು ಕೊಟ್ಟೀನಿ."

ಕೆರೆ ಆಳವಾಗುವುದಿದ್ದರೆ ಅವರು ಮೊಸಳೆ ಸಾಕುವುದಕ್ಕೂ ಒಪ್ಪುತ್ತಿದ್ದರು. ನಮ್ಮ ಕೆರೆ ಯಾವುದೋ ಹಳೆಯ ಬರಗಾಲದಲ್ಲಿ ಕೂಲಿಗೆ ಕಾಳು ಕೊಟ್ಟು ಜನರಿಂದ ಅಗೆಸಿದ್ದು. ಹೂಳು ತುಂಬಿ ತಟ್ಟೆಯಂತಾಗಿತ್ತು. ಎಷ್ಟು ತುಂಬಿದರೂ ಹೋಳಿ ಹುಣ್ಣಿಮೆ ದಾಟಿದ ಮೇಲೆ ತಳ ಕಾಣಿಸುತ್ತಿತ್ತು. ತಳ ಕಂಡೊಡನೆ ಊರು ಅರ್ಧ ಖಾಲಿಯಾಗುತ್ತಿತ್ತು. ಕುರಿಯವರು ಮೊದಲು ಹೊರಡುವರು, ಅವರ ಹಿಂದೆ ಕೂಲಿಯವರು. ಉಳಿದ ನಾವು ಬಾವಿಗಳ ತಳ ಕೆರೆಯುತ್ತ ಮಿರಗದ ಮಳೆಗೆ, ಮೃಗಶಿರೆಯ ಮೊದಲ ಮಳೆಗೆ, ಕಾಯಬೇಕು.

ಮರಿಗಳನ್ನು ನೀರಿಗೆ ಬಿಡುವ ಮುಂಚೆ ಅತ್ತೆ ಅಡ್ಡ ಬಂದರು. "ಊರಿಗಿ ಬಂದಾವು, ಉಡಿ ತುಂಬದ ಹಂಗ ಇಳಸ್ಕೊಳ್ಳೂದ ಹ್ಯಾಂಗ?" ಎಂದರು. ಕೆರೆ ತುಂಬಿದ ವರ್ಷ ಅದಕ್ಕೆ ಉಡಿ ತುಂಬುವುದು ನಮ್ಮಲ್ಲಿ ಇದ್ದದ್ದೇ. ಹಸಿರು ಖಣ, ಅರಿಷಿಣ ಕುಂಕುಮ, ಐದು ಹಿಡಿ ಜೋಳ, ಒಂದು ತುಂಡು ಕೊಬ್ಬರಿ. ಆ ಸಲ ಮೀನಿನ ಹೆಸರಿನಲ್ಲಿಯೂ ಒಂದು ಉಡಿ ತುಂಬಿದರು. ಸಾಹೇಬ ಕೈಕಟ್ಟಿ ನಿಂತು ನೋಡಿದ. ಉಡಿ ತುಂಬಿಸಿಕೊಂಡದ್ದು ಮನೆಯ ಮಗಳು, ಅದನ್ನು ಹಿಡಿದು ತಿನ್ನುವುದಕ್ಕೆ ಊರು ಒಪ್ಪುವುದಿಲ್ಲವೆಂದು ಅವನಿಗೆ ತಿಳಿಯಲಿಲ್ಲ. ಮಾವನಿಗೆ ತಿಳಿದಿತ್ತು. ಅದನ್ನು ಆಮೇಲೆ ನೋಡಿಕೊಂಡರಾಯಿತು, ಮೊದಲು ಕೆರೆ ಆಳವಾಗಲಿ ಎಂದು ಸುಮ್ಮನಿದ್ದರು.

ನಮ್ಮ ಹಿತ್ತಲಿನಾಚೆ ಕುರಿಯವರ ಒಂದು ಗುಡಿಸಲಿತ್ತು. ಆ ಮನೆಯ ಸೊಸೆ ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಕುರಿ ಮೇಯಿಸುವ ಗಂಡ, ಕಿವಿ ಕೇಳದ ಮುದಿ ಅತ್ತೆ, ಒಂದು ಹಿಂಡು ಕುರಿ. ಬೇಲಿಯ ಆಚೆ ಈಚೆ ನಿಂತು ನಾವಿಬ್ಬರೂ ಆಡದ ಮಾತಿರಲಿಲ್ಲ. ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ಕೃಷ್ಣೆಯ ದಂಡೆಗೆ ಕುರಿ ಹೊಡೆದುಕೊಂಡು ಹೋಗುವಾಗ ಅವಳ ಚೊಚ್ಚಲ ಕೂಸು ದಾರಿಯಲ್ಲೇ ವಾಂತಿಭೇದಿಯಾಗಿ ಹೋಯಿತು. ದಾರಿಯ ಪಕ್ಕದ ಬನ್ನಿಗಿಡದ ಬುಡದಲ್ಲಿ ಹೂತು ಮುಂದೆ ನಡೆದರು. ತಿರುಗಿ ಬರುವಾಗ ಯಾವ ಗಿಡವೆಂದು ಅವಳಿಗೆ ಗುರುತು ಹತ್ತಲಿಲ್ಲ. ಅದನ್ನು ಹೇಳುವಾಗ ಅವಳು ಅಳುತ್ತಿರಲಿಲ್ಲ, ಕೇಳುವ ನಾನು ಅಳುತ್ತಿದ್ದೆ.

ಈ ವರ್ಷ ಮತ್ತೆ ಬಸುರಿಯಾಗಿದ್ದಳು. ಹೆರಿಗೆ ಬೇಸಿಗೆಯಲ್ಲೇ ಎಂದು ಲೆಕ್ಕ. ಗಂಡಸರು ಬೇಸಿಗೆಗೆ ಕುರಿ ಹೊಡೆದುಕೊಂಡು ಹೊರಡುವ ಮಾತು ತೆಗೆದಾಗ ಮಾವ ತಾವಾಗಿಯೇ ಆ ಗುಡಿಸಲಿಗೆ ಹೋದರು.

"ತಂಗೆವ್ವಾ, ನೀ ಈ ಸಲ ನಡಕೊಂತ ಹೋಗಬ್ಯಾಡ. ಇಲ್ಲೇ ಹಡಿ," ಎಂದರು.

"ನೀರ್ರಿ ಕಾಕಾರ?"

"ನೀರಿಗಿ ನಾ ಅದೀನಿ. ಈ ವರ್ಷ ಕೆರೀ ಬತ್ತಗೊಡೂದಿಲ್ಲ. ಸಾಹೇಬ ಬಂದು ನೋಡಿ ಹೋದ್ನಂದ್ರ ಮಳಿಗಿಂತ ಮದಲ ಅಗಿಯೂ ಕೆಲಸ ಹತ್ತತೈತಿ. ಮುಂದಿನ ವರ್ಷ ನೀವು ಯಾರೂ ಹೋಗೂದ ಬೇಕಾಗಿಲ್ಲ."

ಅವಳು ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ. ಹೀಗೆ ಅವಳೂ ಮುದಿ ಅತ್ತೆಯೂ ಊರಲ್ಲೇ ನಿಲ್ಲುವುದೆಂದಾಯಿತು. ಮಾವ ಈಗ ಎರಡು ಮಾತು ಕೊಟ್ಟಂತಾಯಿತು, ಒಂದು ದಿಲ್ಲಿಗೆ, ಒಂದು ಬಸುರಿಗೆ. ಎರಡಕ್ಕೂ ಇದ್ದ ನೀರು ಒಂದೇ.

ಚಳಿಗಾಲ ಚೆನ್ನಾಗಿಯೇ ಹೋಯಿತು. ಮೀನು ಅಂಗೈ ಉದ್ದ ಬೆಳೆದವು. ಮಾವ ದಿನವೂ ಮುಂಜಾನೆ ಲಿಂಗಪೂಜೆ ಮುಗಿಸಿ, ರೊಟ್ಟಿಯ ಚೂರು ಕಟ್ಟಿಕೊಂಡು ಏರಿಗೆ ಹೋಗುತ್ತಿದ್ದರು. ಚೂರು ಎಸೆದರೆ ನೀರಿನ ಮೇಲೆ ಬಾಯಿಗಳು ತೆರೆದುಕೊಳ್ಳುತ್ತಿದ್ದವು. "ಜಂಗಮರಿಗೆ ಹಾಕೂ ರೊಟ್ಟಿ ಮೀನಿನ ಪಾಲಾತು, ಕೇಳಿದೇನ?" ಎಂದು ನಾನು ಎಮ್ಮೆಗೆ ಹೇಳಿದರೆ, "ಅವೂ ನಾಕ ಮಂದಿ ಉಪಕಾರಕ್ಕ ಬಂದಾವು ಅಂತ ಹೇಳ ಆಕಿಗೆ," ಎಂದು ಮಾವ ಎಮ್ಮೆಗೆ ಹೇಳುತ್ತಿದ್ದರು. ಕೆರೆ ಆಳವಾದ ಮೇಲೆ ಕೆಳಗಿನ ಹೊಲಕ್ಕೆ ಕಾಲುವೆ ತೆಗೆಯಬೇಕು, ಗೋಧಿ ಹಾಕಬೇಕು, ಬದುವಿಗೆ ನಾಲ್ಕು ಬಾಳೆ ಇಡಬೇಕು ಎಂದೆಲ್ಲ ಹೇಳುವರು. ಕೂಸು ಹುಟ್ಟುವ ಮೊದಲೇ ಕುಲಾವಿ. ಆದರೂ ಆ ದಿನಗಳಲ್ಲಿ ಮನೆಯಲ್ಲಿ ಒಂದು ನಗು ಇತ್ತು. ಅದನ್ನು ನಾನು ಸುಳ್ಳೆನ್ನಲಾರೆ.

ಹೋಳಿ ಬಂತು, ಹೋಯಿತು. ನೀರು ಏರಿಯಿಂದ ಹಿಂದೆ ಸರಿಯಿತು. ಅಂಚಿನ ಕೆಸರು ಒಣಗಿ ಚಕ್ಕೆ ಚಕ್ಕೆಯಾಗಿ ಸೀಳುಬಿಟ್ಟಿತು. ಯುಗಾದಿಯ ಹೊತ್ತಿಗೆ ಕೆರೆಯ ನಡುವೆ ಒಂದು ದೊಡ್ಡ ಗುಂಡಿ ಮಾತ್ರ ಉಳಿಯಿತು, ಎಲ್ಲ ಮೀನೂ ಅದರೊಳಗೆ. ಮಾವ ಜತ್ತಕ್ಕೆ ಹೋದರು. ಅಲ್ಲಿಯ ಕಚೇರಿಯವರು, ಮೀನು ನಮ್ಮ ಕಡೆಗಿಲ್ಲ, ಸಾಂಗ್ಲಿಗೆ ಹೋಗಿ ಎಂದರು. ಸಾಂಗ್ಲಿಗೆ ಹೋದರು. ಅಲ್ಲಿಯವರು ಕೂಡಿಸಿ, ನೀರು ಕೊಟ್ಟು, ಮೀನನ್ನು ನೀವು ಮುಟ್ಟಬಾರದು, ಹಿಡಿಯಬಾರದು, ದಿಲ್ಲಿಯ ಖಾತೆಯ ಸಾಹೇಬರು ಬಂದು ನೋಡುವವರೆಗೆ ಹಾಗೇ ಇರಲಿ ಎಂದರು. ಕೆರೆ ಬತ್ತುತ್ತಿದೆಯಲ್ಲ ಎಂದರೆ, ಬತ್ತುವ ಕೆರೆಯಲ್ಲಿ ಮೀನು ಬಿಡಿಸಿಕೊಂಡದ್ದೇಕೆ ಎಂದರು. ಆಳ ಮಾಡಿಕೊಡಿ, ಬತ್ತುವುದಿಲ್ಲ ಎಂದರು ಮಾವ. ಮೊದಲು ಮೀನು ಉಳಿಯಲಿ, ಆಮೇಲೆ ಆಳದ ಮಾತು ಎಂದರು ಅವರು. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ.

ಮಾವ ಕಾಲು ಬಾತುಕೊಂಡು ಮನೆಗೆ ಬಂದರು. ಆದರೂ ಧೈರ್ಯ ಬಿಟ್ಟಿರಲಿಲ್ಲ. "ಸಾಹೇಬ ಬರ್ತಾನ ಅಂದಾರ. ಊರಿಗಿ ಬಂದಾಕಿ ನೀರಿಗಿ ಬರದ ಇರ್ತಾಳೇನ?" ಎಂದು ಅತ್ತೆಗೆ ಹೇಳಿದರು. ಮರುದಿನದಿಂದಲೇ ಗುಂಡಿಯ ಮೇಲೆ ಜಾಲಿಯ ಟೊಂಗೆ ಹಾಸಿ ನೆರಳು ಮಾಡಿದರು. ಹಗಲೆಲ್ಲ ಅಲ್ಲಿಯೇ ಕೂತು ಕೊಕ್ಕರೆ ಓಡಿಸಿದರು. ಪಕ್ಕದ ಊರಿನ ಒಂದಿಬ್ಬರು ಬಲೆ ತಂದು, ಹೇಗಿದ್ದರೂ ಸಾಯುತ್ತವೆ, ನಮಗಾದರೂ ಕೊಡಿ ಎಂದರು. ಮಾವ ಕಲ್ಲು ಕೈಗೆತ್ತಿಕೊಂಡರು. ಜೀವಮಾನದಲ್ಲಿ ಅವರು ಮನುಷ್ಯರ ಮೇಲೆ ಕಲ್ಲು ಎತ್ತಿದ್ದು ಅದೊಂದೇ ಸಲ.

ನೆರಳಿನಿಂದ ನೀರು ಹೆಚ್ಚುವುದಿಲ್ಲವಲ್ಲ. ಊರಿನ ಬಾವಿಗಳು ಆಗಲೇ ಕೈಕೊಟ್ಟಿದ್ದವು. ನಮ್ಮ ಹಿತ್ತಲ ಬಾವಿಯಲ್ಲಿ ಮಾತ್ರ ಒಂದು ಒರತೆ ಇತ್ತು, ಸಣ್ಣಗೆ ಬರುತ್ತಿತ್ತು, ಆದರೆ ನಿಂತಿರಲಿಲ್ಲ. ಆ ನೀರು ನಮಗೆ, ಎತ್ತು ಎಮ್ಮೆಗೆ, ಬೇಲಿಯಾಚೆಯ ಬಸುರಿಗೆ, ಕೇಳಿಕೊಂಡು ಬಂದ ನೆರೆಯವರಿಗೆ. ಈಗ ಮಾವ ಅದನ್ನು ಕೆರೆಗೂ ಒಯ್ಯಿಸತೊಡಗಿದರು. ನಾನೂ ಅತ್ತೆಯೂ ಸೇದುವುದು, ಮಾವ ಕಾವಡಿ ಕಟ್ಟಿ ಹೊತ್ತು ಗುಂಡಿಗೆ ಸುರಿಯುವುದು. ಸುರಿದ ನೀರು ಕಣ್ಣೆದುರಿಗೇ ಕೆಸರಿನಲ್ಲಿ ಇಂಗುತ್ತಿತ್ತು. ಹಗ್ಗದ ಉಜ್ಜಿಗೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಎಮ್ಮೆ ನೀರಿಗಾಗಿ ಒದರುತ್ತಿತ್ತು. ನಾನು ಅದಕ್ಕೆ ಹೇಳಿದೆ: "ಸುಮ್ನಿರವ್ವ. ಹಣಮಪ್ಪ ಹಗ್ಗ ತಿನ್ನೂವಾಗ ಪೂಜಾರಿ ಶಾವಿಗಿ ಬೇಡಿದ್ನಂತ. ನಿನಗ ನೀರ ಇಲ್ಲ, ದಿಲ್ಲಿ ಮೀನಕ್ಕ ಕಾವಡಿ ಹೊಂಟಾವು." ಆ ಸಲ ಮಾವನಿಂದ ಉತ್ತರ ಬರಲಿಲ್ಲ. ಕಾವಡಿ ಹೆಗಲಿಗೇರಿಸಿ ನಡೆದರು. ನನಗೆ ಸಿಟ್ಟು ಉಕ್ಕಿತು, ಹಾಗೇ ಭಯವೂ ಆಯಿತು. ಮಾತು ಬಿಟ್ಟ ಮಾವನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಸಾಹೇಬ ಬರಲಿಲ್ಲ. ದಿನಾ ಏರಿಯ ಮೇಲೆ ನಿಂತು ಮಾವ ಜತ್ತದ ದಾರಿ ನೋಡುತ್ತಿದ್ದರು. ದೂರದಲ್ಲಿ ಧೂಳೆದ್ದರೆ ರುಮಾಲು ಸರಿಮಾಡಿಕೊಳ್ಳುವರು. ಅದು ಸುಂಟರಗಾಳಿ ಇಲ್ಲವೇ ದನದ ಹಿಂಡು ಆಗಿರುತ್ತಿತ್ತು.

ಒಂದು ಮಧ್ಯಾಹ್ನ ಬೇಲಿಯಾಚೆಯಿಂದ ಮುದುಕಿ ಕೂಗಿದಳು. ನಾನೂ ಅತ್ತೆಯೂ ಓಡಿದೆವು. ಸಂಜೆಯ ಹೊತ್ತಿಗೆ ಅವಳ ಸೊಸೆ ಹಡೆದಳು, ಹೆಣ್ಣು ಕೂಸು. ಸಣ್ಣದಾಗಿತ್ತು, ಆದರೆ ಧ್ವನಿ ಗಟ್ಟಿ. ಅತ್ತೆ ನಗುತ್ತ, "ಇದು ನಮ್ಮ ಸೊಸಿ ಹಂಗ ಬಾಯಾಳಿ ಆಗತೈತಿ," ಎಂದರು. ನನಗೆ ಆ ಮಾತಿನಲ್ಲಿ ಎಲ್ಲಿಲ್ಲದ ಸಂತೋಷವಾಯಿತು.

ಬಾಣಂತಿಗೆ ದಿನಾ ಎರೆಯಬೇಕು. ಬಿಸಿನೀರು ಹಂಡೆಗಟ್ಟಲೆ ಬೇಕು, ಕೂಸಿನ ಬಟ್ಟೆ ಒಗೆಯಬೇಕು, ಕುಡಿಯಲು ಕಾಸಿದ ನೀರು ಬೇಕು. ಒರತೆ ಅಷ್ಟು ಕೊಡುವ ಹಾಗಿರಲಿಲ್ಲ. ಮರುದಿನ ಮುಂಜಾನೆ ನಾನು ಸೇದಿಟ್ಟ ಕೊಡಗಳ ಮುಂದೆ ಮಾವ ಕಾವಡಿ ಹಿಡಿದು ಬಂದು ನಿಂತರು. ನಾನು ಎಮ್ಮೆಯ ಕಡೆ ತಿರುಗಲಿಲ್ಲ. ಸೆರಗು ಸರಿಮಾಡಿಕೊಂಡು, ಮೊದಲ ಸಲ ಅವರ ಮುಖವನ್ನೇ ನೋಡಿ ಹೇಳಿದೆ.

"ಮಾವಾರ, ಇದು ಆಕಿ ನೀರು. ನೀರಿಗಿ ನಾ ಅದೀನಿ ಅಂದೀರಿ."

ಮಾವ ನನ್ನನ್ನು ಬೈಯುತ್ತಾರೆಂದುಕೊಂಡಿದ್ದೆ. ಅವರು ಕಾವಡಿ ಕೆಳಗಿಟ್ಟು ಬಾವಿಕಟ್ಟೆಯ ಮೇಲೆ ಕೂತರು.

"ಖರೆ ಐತಿ," ಎಂದರು. "ಬಾಣಂತಿ ಮದಲ. ಮೀನ ಬ್ಯಾರೆ ಕಡೆ ಒಯ್ಯೂಣು."

ಸಂಖದಾಚೆ ಹಳ್ಳದಲ್ಲಿ ಒಂದು ಮಡು ಇತ್ತು. ಎಂಥ ಬೇಸಿಗೆಗೂ ಬತ್ತುವುದಿಲ್ಲವೆಂಬ ಹೆಸರು. ಮೀನನ್ನು ಜೀವಂತವಾಗಿ ಅಲ್ಲಿಗೆ ಸಾಗಿಸಿ, ಮಳೆ ಬಂದ ಮೇಲೆ ತಿರುಗಿ ತರುವುದು. ಸಾಹೇಬ ಬಂದರೆ ಮಡುವಿಗೆ ಕರೆದೊಯ್ದು ತೋರಿಸುವುದು. ಕೇಳಿದವರಿಗೆ ಹುಚ್ಚೆನಿಸುತ್ತಿತ್ತು. ಆದರೆ ಊರು ಒಪ್ಪಿತು. ಮೀನು ಬಂದಾಗ ಮುಖ ಕಿವುಚಿ ಎದ್ದು ಹೋದವರೂ ಗಾಡಿ ಕೊಟ್ಟರು. ಕೆರೆ ಆಳವಾಗಬೇಕೆಂಬ ಆಸೆ ಮಾವನೊಬ್ಬರದೇ ಆಗಿರಲಿಲ್ಲ, ಅದು ಎಲ್ಲರ ಹೊಟ್ಟೆಯಲ್ಲೂ ಇತ್ತೆಂದು ಅಂದು ಗೊತ್ತಾಯಿತು.

ಯಾವುದರಲ್ಲಿ ಒಯ್ಯುವುದು ಎಂಬ ಮಾತು ಬಂತು. ಯಾರೋ ಎಣ್ಣೆಯ ತಗಡಿನ ಡಬ್ಬ ಎಂದರು, ಯಾರೋ ಮಣ್ಣಿನ ಗಡಿಗೆ ಎಂದರು. ಅತ್ತೆಗೆ ಅದು ಸರಿ ಬರಲಿಲ್ಲ. "ಉಡಿ ತುಂಬಿದ ಮಕ್ಕಳನ್ನ ಎಣ್ಣಿ ಡಬ್ಬ್ಯಾಗ ಕಳಸ್ತಾರೇನ? ತಾಮ್ರದ ಹಂಡೇದಾಗ ಕಳಸೂಣು. ತಾಮ್ರದ ನೀರಿಗಿಂತ ಶುದ್ಧ ಯಾವುದೈತಿ?" ಎಂದರು. ಯಾರೂ ಅಲ್ಲಗಳೆಯಲಿಲ್ಲ. ನಾವು ಕುಡಿಯುವ ನೀರು ತಾಮ್ರದ್ದು, ದೇವರಿಗೆ ಎರೆಯುವ ನೀರು ತಾಮ್ರದ್ದು, ರೋಗಿಗೆ ಕೊಡುವ ನೀರು ತಾಮ್ರದ್ದು. ಐದಾರು ಮನೆಗಳಿಂದ ಸ್ನಾನದ ಹಂಡೆಗಳು ಬಂದವು, ಹೊಗೆ ಹತ್ತಿ ಕರಿಕಿಟ್ಟಾಗಿದ್ದವು. ಹೆಂಗಸರೆಲ್ಲ ಕೂತು ಹುಣಸೆಹಣ್ಣು, ಉಪ್ಪು, ಬೂದಿ ಹಚ್ಚಿ ಒಳಗೆ ಹೊರಗೆ ತಿಕ್ಕಿದೆವು. ತೊಳೆಯುವುದಕ್ಕೆ ಚೆಲ್ಲುವಷ್ಟು ನೀರಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದೆವು. ಮದುವೆಯ ದಿನ ಹೊಳೆಯುವಂತೆ ಹೊಳೆದವು. ಒಬ್ಬಳು ಹಂಡೆಯ ಕಂಠಕ್ಕೆ ಕುಂಕುಮವನ್ನೂ ಹಚ್ಚಿದಳು.

ಇಳಿಹೊತ್ತಿಗೆ ಗಂಡಸರು ಗುಂಡಿಗೆ ಇಳಿದು ಹಳೆಯ ಧೋತರ ಹಾಸಿ ಮೀನು ಎತ್ತಿದರು. ಜೀವಮಾನದಲ್ಲಿ ಮೀನು ಮುಟ್ಟದ ಕೈಗಳು. ಒಬ್ಬೊಬ್ಬರೂ ಮುಟ್ಟಿ, ಬಿಟ್ಟು, ಮತ್ತೆ ಮುಟ್ಟಿ, ಕೂಸನ್ನು ಎತ್ತುವ ಹಾಗೆ ಎರಡು ಕೈಯಲ್ಲಿ ಎತ್ತಿ ಹಂಡೆಗೆ ಬಿಟ್ಟರು. ಗುಂಡಿಯ ನೀರನ್ನೇ ಸೋಸಿ ಹಂಡೆಗೆ ತುಂಬಿದ್ದೆವು. ಮೂರು ಗಾಡಿ ಹೊರಟವು. ಮೊದಲ ಗಾಡಿಯಲ್ಲಿ ಮಾವ ಹಂಡೆಯ ಅಂಚು ಹಿಡಿದು ಕೂತಿದ್ದರು, ನೀರು ತುಳುಕಬಾರದೆಂದು. ಅತ್ತೆಯೂ ನಾನೂ ಎರಡನೆಯದರಲ್ಲಿ. ನಾನು ಬರುವುದು ಬೇಡವೆಂದು ಈ ಸಲ ಯಾರೂ ಹೇಳಲಿಲ್ಲ.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯತೊಡಗಿದವು. ರೊಟ್ಟಿಗೆ ತೆರೆದಂತೆ ಅಲ್ಲ. ಹಂಡೆಯ ಗೋಡೆಗೆ ಹಾಯ್ದು ಹಾಯ್ದು ಬೀಳುತ್ತಿದ್ದವು. "ನೀರ ಬಿಸಿ ಆಗಿರಬೇಕು," ಎಂದು ಅತ್ತೆ ಸೆರಗಿನಿಂದ ಗಾಳಿ ಹಾಕಿದರು. ಒಂದು ಮಗ್ಗುಲಾಗಿ ತೇಲಿತು. ಇನ್ನೊಂದು. ಅತ್ತೆ ಕೈ ಹಾಕಿ ಅದನ್ನು ನೆಟ್ಟಗೆ ಮಾಡಿದರು, ಮತ್ತೆ ಮಗುಚಿತು. ಮುಂದಿನ ಗಾಡಿಯಿಂದ ಮಾವನ ಧ್ವನಿ ಕೇಳಿಸಿತು, ಎತ್ತುಗಳಿಗೆ, "ಲಗೂನ ನಡೀರ್ಯೋ, ನನ್ನಪ್ಪಗಳಿರಾ, ಲಗೂನ."

ಎತ್ತುಗಳೂ ನೀರಿಲ್ಲದೆ ಸೊರಗಿದ್ದವು. ಎಷ್ಟು ನಡೆಯಬಹುದೋ ಅಷ್ಟು ನಡೆದವು. ಮಡುವಿನ ದಂಡೆಗೆ ಗಾಡಿ ಇಳಿದಾಗ ಯಾವ ಹಂಡೆಯಲ್ಲೂ ಅಲುಗಾಟ ಇರಲಿಲ್ಲ. ಮಾವ ಒಂದೊಂದನ್ನೇ ನೀರಿಗೆ ಬಿಟ್ಟು ನೋಡಿದರು. ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲಿದವು. ಕೊನೆಯ ಹಂಡೆಯವರೆಗೂ ಬಿಡುತ್ತಲೇ ಇದ್ದರು. ಆಮೇಲೆ ಮಡುವಿನ ನೀರು ಕೆಡುತ್ತದೆಂದು ಅಲ್ಲಿಯ ಊರಿನವರು ಕೂಗಾಡಿದ್ದರಿಂದ ಅವನ್ನೆಲ್ಲ ಮತ್ತೆ ಆರಿಸಿ, ದಂಡೆಯ ಮರಳಿನಲ್ಲಿ ಹೂಳಿದೆವು. ಅತ್ತೆ ಹೆಣದ ಮನೆಯಲ್ಲಿ ಅಳುವ ಹಾಗೆ ಅತ್ತರು. ಮಾವ ಅಳಲಿಲ್ಲ. ಹಂಡೆಗಳನ್ನು ಒಂದರಮೇಲೊಂದು ಗಾಡಿಗೆ ಹೇರಿದರು.

ಸಾಹೇಬ ಆ ವಾರದಲ್ಲೇ ಬಂದ. ಮೊದಲಿನವನಲ್ಲ, ಬೇರೊಬ್ಬ, ತುಸು ವಯಸ್ಸಾದವನು. ಜೀಪಿನಿಂದ ಇಳಿದು ಒಣ ಕೆರೆ ನೋಡಿ ನಮ್ಮ ಮನೆಗೆ ಬಂದ. ಮಾವ ಒಗೆದ ಧೋತರ ಉಟ್ಟು, ಸರ್ಕಾರ ಹಿಡಿದೊಯ್ಯುತ್ತದೆಂದೇ ತಿಳಿದು ಮುಂದೆ ನಿಂತರು. "ಎಲ್ಲಾ ಸತ್ತಾವ್ರಿ. ನನ್ನ ಕೈಯಾಗ ಸತ್ತಾವು," ಎಂದು ನಡೆದದ್ದನ್ನೆಲ್ಲ ಹೇಳಿದರು. ಸಾಹೇಬ ಒಳ್ಳೆಯ ಮನುಷ್ಯ. ಬೈಯಲಿಲ್ಲ. "ತಾಮ್ರದಲ್ಲಿ ಹಾಕಿದಿರಾ? ಅದೂ ಹುಳಿ ಹಚ್ಚಿ ತಿಕ್ಕಿದ ತಾಮ್ರವೇ? ಮೀನಿಗೆ ತಾಮ್ರ ವಿಷ," ಎಂದ. ಅತ್ತೆ ಬಾಗಿಲ ಸಂದಿಯಿಂದ, "ನಾವು ಕುಡಿಯೂದ ಅದರಾಗರೀ," ಎಂದರು.

"ಇರಲಿ ಬಿಡಿ," ಎಂದ ಸಾಹೇಬ. "ಈ ವರ್ಷ ಬಹಳ ಕಡೆ ಹೀಗೇ ಆಗಿದೆ. ಮಳೆಗಾಲದಲ್ಲಿ ಮತ್ತೆ ಮರಿ ಕಳಿಸುತ್ತಾರೆ."

ಇರಲಿ ಬಿಡಿ. ಆ ಮಾತು ಕೇಳಿದಾಗ ಮಾವನ ಮುಖ ಹೇಗಾಯಿತೆಂದು ನನ್ನಿಂದ ಬರೆಯಲಾಗುವುದಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಜೇಲಿಗೆ ಹಾಕಿದ್ದರೂ ತಡೆದುಕೊಳ್ಳುತ್ತಿದ್ದರು.

"ಕೆರೀ ಅಗಿಸೂದು, ಸಾಹೇಬ್ರ?" ಎಂದು ಕೇಳಿದರು.

ಸಾಹೇಬನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ ಇಲ್ಲವೆಂದು ತಲೆಯಾಡಿಸಿದ. ತಮ್ಮ ಖಾತೆ ಬೀಜ, ಗೊಬ್ಬರ, ಮೀನು ನೋಡುತ್ತದೆ, ಕೆರೆ ಅಗೆಯುವುದು ಅದರ ಕೆಲಸವಲ್ಲ. ಅಗೆಸುತ್ತಾರೆಂದು ಯಾರು ಹೇಳಿದರು ಎಂದ. ಹಿಂದಿನ ಸಾಹೇಬರು ಎಂದರು ಮಾವ. ಅವರಿಗೆ ಎಲ್ಲಿಗೋ ಬದಲಿಯಾಗಿದೆ, ಅವರು ಹಾಗೆ ಹೇಳಬಾರದಿತ್ತು ಎಂದ. ಆದರೂ ಹೋಗುವಾಗ, ಮಾವನ ಮುಖ ನೋಡಿಯೋ ಏನೋ, "ನೋಡೋಣ, ಬರುವ ವರ್ಷ ಮೀನು ಚೆನ್ನಾಗಿ ಬಂದರೆ ಒಂದು ಮಾತು ಬರೆದು ನೋಡುತ್ತೇನೆ," ಎಂದು ಜೀಪು ಹತ್ತಿದ.

ಆ ಹೊತ್ತಿಗೆ ನಮ್ಮ ಬಾವಿಯ ಒರತೆಯೂ ಕೆಸರು ಬಿಡುತ್ತಿತ್ತು. ಬಾಣಂತಿಗೆ ಎರೆಯುವುದಿರಲಿ, ಕುಡಿಯುವುದಕ್ಕೆ ಬಟ್ಟೆಯಲ್ಲಿ ಸೋಸಿದರೂ ಕೆಂಪಗೆ ಬರುತ್ತಿತ್ತು. ಕೂಸಿಗೆ ಭೇದಿ ಶುರುವಾಯಿತು. ಅವಳು ಒಂದು ಹಗಲು ನೋಡಿದಳು, ಇನ್ನೊಂದು ಹಗಲು ನೋಡಿದಳು. ಮೂರನೆಯ ದಿನ, ಗಂಡ ಕುರಿ ಹೊಡೆದುಕೊಂಡು ಹೋದ ಕೃಷ್ಣೆಯ ದಂಡೆಗೆ ಹೊರಡಲು, ಕಂಬಳಿಯಲ್ಲಿ ಪಾತ್ರೆ ಪಡಗ ಗಂಟು ಕಟ್ಟಿದಳು. ಹಸಿ ಬಾಣಂತಿ, ಇನ್ನೂ ತೊಟ್ಟಿಲು ಹಾಕಿರಲಿಲ್ಲ. ನಾನು ಬೇಡವೆನ್ನಲು ಬಾಯಿ ತೆರೆದೆ. ಬೇಡವೆಂದು ಏನು ಕೊಡಲಿ? ನನ್ನ ಕೊಡದಲ್ಲಿ ಕೆಸರಿತ್ತು. ನನ್ನ ಇಷ್ಟು ದೊಡ್ಡ ಬಾಯಿ ಅಂದು ಒಂದು ಮಾತಿಗೂ ಆಗಲಿಲ್ಲ.

ಅವಳು ಗಂಟು ಎತ್ತುವಷ್ಟರಲ್ಲಿ ಮಾವ ಬಂದು ಅದನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಊರಿನ ಹಿರಿಯರು, ಲಿಂಗವಂತರು, ಕುರಿಯವರ ಸೊಸೆಯ ಗಂಟು ಹೊತ್ತು ಹಗಲು ಹೊತ್ತಿನಲ್ಲಿ ಊರಬಾಗಿಲ ಅಗಸಿ ದಾಟಿದರು. ಕಟ್ಟೆಯ ಮೇಲೆ ಕೂತವರು ಎದ್ದು ನಿಂತರು. ಕೂಸು ನನ್ನ ಕೈಯಲ್ಲಿತ್ತು, ಅಳುವುದನ್ನೂ ಬಿಟ್ಟಿತ್ತು. ಮುದುಕಿ ಕೋಲೂರಿಕೊಂಡು ಹಿಂದೆ ಬಂದಳು. ಸೊರಡಿಯ ಕಡೆ ಹೋಗುವ ದಾರಿಯಲ್ಲಿ ನಮ್ಮ ಊರಿನ ಎಲ್ಲೆ ಮುಗಿಯುವವರೆಗೆ ನಡೆದೆವು. ಅಲ್ಲಿ ಮಾವ ಗಂಟು ಇಳಿಸಿದರು.

"ನನ್ನ ಮಾತು ಕೇಳಿ ನಿಂತಿ, ತಂಗೆವ್ವಾ. ತಪ್ಪಾತು," ಎಂದು ಕೈ ಜೋಡಿಸಿದರು.

ಅವಳು ಅವರ ಕೈ ಬಿಡಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಕೇಳಿದಳು:

"ಕಾಕಾರ, ಮಳಿ ಆದಮ್ಯಾಲ ಮತ್ತ ಮೀನ ತಂದ್ರ ಏನಂತೀರಿ?"

ಸುಳ್ಳು ಹೇಳುವುದು ಮಾವನಿಗೆ ಬರುತ್ತಿರಲಿಲ್ಲ.

"ತಗೋತೀನವ್ವಾ," ಎಂದರು. "ಬ್ಯಾಡ ಅಂದ್ರ ಕೆರೀನೂ ಬ್ಯಾಡ ಅಂದಂಗ ಆಗತೈತಿ."

ಅವಳು ಗಂಟನ್ನು ತಲೆಗೇರಿಸಿಕೊಂಡು ಹೊರಟಳು. ಆ ಮಾತು ಕೇಳಿ ಮಾವನ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.